ಎರಡು ಅಂಕ ನುಂಗಿದ ‘ಕೊಂಡವು’: ವಿಕಾಸದ ಪಾಠಕ್ಕೆ ಒಂದು ಟಿಪ್ಪಣಿ

ಪ್ರಿಪರೇಟರಿ ಪರೀಕ್ಷೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಬಗ್ಗೆ ನಾನು ಬರೆದ ಉತ್ತರ ಇದು: ‘ಕಾಂಡ್ಲಾ ಗಿಡಗಳು ಉಪ್ಪುನೀರಿಗೆ ಹೊಂದಿಕೊಂಡವು. ಕೆಸರಿನಲ್ಲಿ ಗಾಳಿ ಸಿಗದ ಕಾರಣ ಮೇಲಕ್ಕೆ ಬೇರು ಬೆಳೆಸಿಕೊಂಡವು.’ ಎರಡು ಅಂಕದ ಪ್ರಶ್ನೆ, ಸಿಕ್ಕಿದ್ದು ಸೊನ್ನೆ. ಮೇಡಂ ಎರಡೂ ಕಡೆ ‘ಕೊಂಡವು’ ಎಂಬುದಕ್ಕೆ ಮಾತ್ರ ಕೆಂಪು ಸುತ್ತು ಹಾಕಿದ್ದರು. ಕಾಗುಣಿತ ತಪ್ಪಿರಬೇಕು ಅಂತ ನೋಡಿದೆ. ಸರಿಯಾಗೇ ಇತ್ತು.

ತಪ್ಪು ಏನು ಅಂತ ತಲೆಗೆ ಹೋಗಲು ಒಂದು ವಾರ ಬೇಕಾಯಿತು. ಆ ‘ಕೊಳ್ಳು’ ಇದೆಯಲ್ಲ, ಅದು ತನಗೆ ಬೇಕಾದ್ದನ್ನು ತಾನೇ ಮಾಡುವವರಿಗೆ ಹಾಕುವ ಮಾತು. ಊಟ ಬಡಿಸಿಕೊಂಡ, ತಲೆ ಬಾಚಿಕೊಂಡಳು, ಹಾಗೆ. ಗಿಡಕ್ಕೆ ಅದನ್ನು ಅಂಟಿಸಿದ ಕೂಡಲೇ ಗಿಡವೇ ಯೋಚನೆ ಮಾಡಿ ಬೇರು ತಿರುಗಿಸಿದ ಹಾಗಾಯಿತು. ಹೆಚ್ಚುಕಮ್ಮಿ ಇದು ಫ್ರೆಂಚ್ ವಿಜ್ಞಾನಿ ಲಾಮಾರ್ಕ್ 1809ರಲ್ಲಿ ಹೇಳಿದ್ದು: ಬಳಸಿದ ಅಂಗ ಬೆಳೆಯುತ್ತದೆ, ಬೆಳೆದದ್ದು ಮಕ್ಕಳಿಗೂ ಹೋಗುತ್ತದೆ. ಎತ್ತರದ ಎಲೆಗೆ ಚಾಚಿ ಚಾಚಿ ಜಿರಾಫೆಯ ಕತ್ತು ಉದ್ದವಾಯಿತು ಎಂಬ ಕಥೆ ನಿಮಗೆಲ್ಲ ಗೊತ್ತು, ಬಿಡಿ.

‘ಹೊಂದಿಕೊಂಡಳು’ ಅಂತ ಧೈರ್ಯವಾಗಿ ಬರೆಯಬಹುದಾದ್ದು ನಮ್ಮ ಅಕ್ಕನ ಬಗ್ಗೆ. ಮೇ ತಿಂಗಳಲ್ಲಿ ಬೆಂಗಳೂರಿನಿಂದ ಉಡುಪಿಗೆ ಬಂದರೆ ಮೊದಲ ನಾಲ್ಕು ದಿನ ‘ಸೆಕೆ, ಸೆಕೆ’ ಅಂತ ಫ್ಯಾನಿನ ಕೆಳಗಿಂದ ಏಳುವುದಿಲ್ಲ. ಎರಡು ವಾರ ಕಳೆಯಲಿ, ಮೈ ಬೇಗ ಬೆವರಲು ಶುರು ಮಾಡುತ್ತದೆ, ಅಂಗಳದಲ್ಲಿ ಓಡಾಡುತ್ತಾಳೆ. ಆದರೆ ಅದು ಅವಳ ಮೈಗಷ್ಟೇ ಸೇರಿದ್ದು. ವಾಪಸ್ ಹೋದ ಮೇಲೆ ಅಳಿಸಿ ಹೋಗುತ್ತದೆ, ಮಗಳಿಗೆ ಸಿಗುವುದಿಲ್ಲ. ಪರೀಕ್ಷೆಯಲ್ಲಿ ಇದಕ್ಕೆ ಅಕ್ಲಿಮಟೈಸೇಶನ್ ಅಂತ ಬರೆಯಿರಿ. ಇದು ವಿಕಾಸದ ಖಾತೆಗೆ ಬರುವುದಿಲ್ಲ.

ಈಗ ಮಂಗಳೂರಿನ ಸೊಳ್ಳೆಗೆ ಬನ್ನಿ. ಇಲ್ಲಿ ಮಲೇರಿಯಾ ಹರಡುವುದು ಮುಖ್ಯವಾಗಿ ಅನಾಫಿಲಿಸ್ ಸ್ಟೀಫನ್ಸಿ. ಕಟ್ಟಡ ಕೆಲಸದ ಜಾಗದಲ್ಲಿ ನಿಂತ ನೀರು, ಮುಚ್ಚಳವಿಲ್ಲದ ಟ್ಯಾಂಕ್ ಇದ್ದರೆ ಅದಕ್ಕೆ ಸಾಕು. ಲೆಕ್ಕಕ್ಕೆ ಒಂದು ಸಾವಿರ ಸೊಳ್ಳೆ ಅಂತ ಇಟ್ಟುಕೊಳ್ಳಿ. ಅವುಗಳಲ್ಲಿ ಐದರ ಜೀನಿನಲ್ಲಿ (ವಂಶವಾಹಿಯಲ್ಲಿ) ಚಿಕ್ಕ ವ್ಯತ್ಯಾಸ. ಸೊಳ್ಳೆ ಕೊಲ್ಲಲು ಹೊಡೆಯುವ ಡಿಡಿಟಿ ಔಷಧವನ್ನು ಒಡೆದುಹಾಕುವ ಕಿಣ್ವ ಅವುಗಳ ಮೈಯಲ್ಲಿ ಜಾಸ್ತಿ. ಔಷಧ ಹೊಡೆಯುವ ಮೊದಲೇ ಜಾಸ್ತಿ ಇತ್ತು. ಈ ‘ಮೊದಲೇ’ಗೆ ಅಡಿಗೆರೆ ಹಾಕಿ, ಇಡೀ ಪಾಠ ಅದರ ಮೇಲೆ ನಿಂತಿದೆ. ಔಷಧ ಹೊಡೆದರು, ಉಳಿದವು ಸತ್ತವು, ಆ ಐದು ಮೊಟ್ಟೆಯಿಟ್ಟವು. ಮುಂದಿನ ಸಂತಾನ ತುಂಬ ಅವುಗಳ ಮಕ್ಕಳೇ.

‘ಸೊಳ್ಳೆಗಳು ಔಷಧಕ್ಕೆ ಹೊಂದಿಕೊಂಡವು’ ಅಂತ ನಾವು ಅಂದುಬಿಡುತ್ತೇವೆ. ಹೊಂದಿಕೊಂಡ ಒಂದು ಸೊಳ್ಳೆಯನ್ನಾದರೂ ತೋರಿಸಿ ನೋಡೋಣ! ಸತ್ತವು ಸತ್ತವು. ಬದುಕಿದವು ಮೊದಲು ಹೇಗಿದ್ದವೋ ಹಾಗೇ ಇದ್ದವು. ಬದಲಾದದ್ದು ಗುಂಪಿನಲ್ಲಿ ಯಾವ ಜೀನು ಎಷ್ಟು ಪಾಲು ಎಂಬ ಲೆಕ್ಕ. ದೇಶದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ 1953ರಲ್ಲಿ ಡಿಡಿಟಿ ಹಿಡಿದೇ ಹೊರಟಿತ್ತು. ಅದು ನಾಟದ ಸೊಳ್ಳೆಗಳು ಕಾಣಿಸಲು ಬಹಳ ವರ್ಷ ಹಿಡಿಯಲಿಲ್ಲ.

ಡಾರ್ವಿನ್ ಮತ್ತು ವಾಲೆಸ್ 1858ರಲ್ಲಿ ಒಟ್ಟಿಗೆ ಮುಂದಿಟ್ಟ ವಿಚಾರ ಇದೇ, ನಿಸರ್ಗದ ಆಯ್ಕೆ. ಆದರೆ ಜೀನು ಅಂದರೆ ಏನೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಇದನ್ನು ಕಣ್ಣೆದುರೇ ಅಳೆದವರು ಪೀಟರ್ ಮತ್ತು ರೋಸ್‌ಮೇರಿ ಗ್ರಾಂಟ್ ದಂಪತಿ. ಗಾಲಪಗೋಸ್‌ನ ಡಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪದಲ್ಲಿ 1973ರಿಂದ ಫಿಂಚ್ ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ಹಾಕಿ, ಕೊಕ್ಕು ಅಳೆದು ಬಿಡುತ್ತಿದ್ದರು. 1977ರಲ್ಲಿ ಮಳೆ ಕೈಕೊಟ್ಟಿತು. ಸಣ್ಣ, ಮೆತ್ತನೆ ಬೀಜ ಬೇಗ ಮುಗಿದವು. ಉಳಿದದ್ದು ನಮ್ಮ ನೆಗ್ಗಿಲ ಮುಳ್ಳಿನ ಹತ್ತಿರದ ಸಂಬಂಧಿಯ ಗಟ್ಟಿ ಕಾಯಿ. (ಬರಿಗಾಲಲ್ಲಿ ನೆಗ್ಗಿಲು ತುಳಿದವರಿಗೆ ಆ ಹಕ್ಕಿಗಳ ಕಷ್ಟ ಅರ್ಥವಾದೀತು.) ದಪ್ಪ ಕೊಕ್ಕಿದ್ದವು ಅದನ್ನು ಒಡೆದು ತಿಂದವು. ನೂರಕ್ಕೆ ಸುಮಾರು 85 ಹಕ್ಕಿ ಸತ್ತವು. ಬದುಕಿದವುಗಳ ಕೊಕ್ಕಿನ ಸರಾಸರಿ ದಪ್ಪ ಮೊದಲಿಗಿಂತ ಅರ್ಧ ಮಿಲಿಮೀಟರಿನಷ್ಟು ಜಾಸ್ತಿ, ಮರಿಗಳ ಕೊಕ್ಕೂ ದಪ್ಪ. ಬರಗಾಲದಲ್ಲಿ ಯಾವ ಹಕ್ಕಿಯ ಕೊಕ್ಕೂ ಬೆಳೆದಿರಲಿಲ್ಲ, ನೆನಪಿರಲಿ.

ನನಗೆ ಇದಕ್ಕಿಂತ ಹಿಡಿಸಿದ್ದು ಮುಂದಿನ ಭಾಗ. 1983ರಲ್ಲಿ ಎಲ್ ನಿನೊದಿಂದ (ಪೆಸಿಫಿಕ್ ಕಡಲು ಮಾಮೂಲಿಗಿಂತ ಬಿಸಿಯಾಗುವುದು) ಭಾರಿ ಮಳೆ. ದ್ವೀಪ ತುಂಬ ಸಣ್ಣ ಬೀಜ. ಈಗ ಸಣ್ಣ ಕೊಕ್ಕಿನವಕ್ಕೆ ಲಾಭ, ಸರಾಸರಿ ಹಿಂದಕ್ಕೆ ಸರಿಯಿತು. ಅಂದರೆ ‘ಉತ್ತಮ ಕೊಕ್ಕು’ ಅಂತ ಒಂದಿಲ್ಲ. ಆ ವರ್ಷದ ಊಟಕ್ಕೆ ತಕ್ಕ ಕೊಕ್ಕು ಅಷ್ಟೇ. ವಿಕಾಸ ಅಂದರೆ ಮೇಲೇರುವ ಮೆಟ್ಟಿಲು ಅಂತ ಚಿತ್ರ ಬರೆಯುವವರಿಗೆ ಇದನ್ನು ತೋರಿಸಬೇಕು.

ಕಾಂಡ್ಲಾ ಉತ್ತರವನ್ನು ಈಗ ತಿದ್ದೋಣ. ಯಾವ ತಲೆಮಾರಿನಲ್ಲೂ ಗಿಡಗಳ ನಡುವೆ ಚಿಕ್ಕ ಚಿಕ್ಕ ವ್ಯತ್ಯಾಸ ಇತ್ತು. ಬೇರಿನ ತುದಿ ಕೆಸರಿನಿಂದ ಸ್ವಲ್ಪ ಮೇಲೆ ಬಂದ ಗಿಡಗಳಿಗೆ ಗಾಳಿ ಸಿಕ್ಕಿತು, ಅವುಗಳ ಸಸಿಗಳು ಜಾಸ್ತಿ ಉಳಿದವು. ಇದು ಸಾವಿರಾರು ತಲೆಮಾರು ನಡೆದು ಇವತ್ತಿನ ಬೇರು. ಕಾಂಡ್ಲಾದಲ್ಲಿ ಎರಡು ಬಗೆ ನೋಡಿ. ಅವಿಸೀನಿಯಾಕ್ಕೆ ಪೆನ್ಸಿಲ್ ನೆಟ್ಟ ಹಾಗೆ ನಿಂತ ಉಸಿರುಬೇರು, ಎಲೆಯ ಮೇಲೆ ಉಪ್ಪಿನ ಹರಳು. ರೈಜೋಫೋರಾಕ್ಕೆ ಊರುಗೋಲಿನಂಥ ಬೇರು. ಬೀಜ ತಾಯಿಮರದಲ್ಲಿ ಇರುವಾಗಲೇ ಮೊಳೆಯುತ್ತದೆ. ಎರಡೂ ಒಂದೇ ಕೆಸರಿನಲ್ಲಿದ್ದರೂ ಬೇರೆ ಬೇರೆ ಕುಟುಂಬದವು. ಕಷ್ಟ ಒಂದೇ, ದಾರಿ ಎರಡು.

ಹೊಸ ಜಾತಿ ಹುಟ್ಟಲು ಗುಂಪುಗಳು ದೂರವಾಗಬೇಕು, ಬಹಳ ಕಾಲ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಅಂಥ ಒಂದು ಅಗಲಿಕೆಯ ಗುರುತು. ಭಾರತ ಮತ್ತು ಮಡಗಾಸ್ಕರ್ ಬೇರೆಯಾದ ಕಾಲದ ಲಾವಾ ಅದು, ಸುಮಾರು 8.8 ಕೋಟಿ ವರ್ಷ ಹಳೆಯದು. ಹಿಂದೂ ಮಹಾಸಾಗರದ ಸೇಶೆಲ್ಸ್ ದ್ವೀಪಗಳು ಭಾರತದಿಂದ ಆಮೇಲೆ ಕಳಚಿದವು. ಪಶ್ಚಿಮ ಘಟ್ಟದ ನೇರಳೆ ಕಪ್ಪೆಯನ್ನು 2003ರಲ್ಲಿ ಹೊಸ ಜಾತಿಯೆಂದು ಗುರುತಿಸಿದಾಗ ಅದರ ಹತ್ತಿರದ ನೆಂಟರು ಸಿಕ್ಕಿದ್ದು ಆ ಸೇಶೆಲ್ಸ್‌ನಲ್ಲಿ! ಕಪ್ಪೆ ಕಡಲು ಈಜಿ ಹೋಗಿರಲಾರದು. ನೆಲವೇ ಹೋಯಿತು.

ಕೊನೆಗೆ, ಕೇಳಿಯೇ ಕೇಳುವ ಪ್ರಶ್ನೆ: ಪರಿಸರ ಬೇಗ ಬದಲಾದರೆ ಯಾರು ಉಳಿಯುತ್ತಾರೆ? ತಲೆಮಾರಿನ ಉದ್ದ ನೋಡಿ. ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಹತ್ತು ಹನ್ನೆರಡು ದಿನ. ಕಾಂಡ್ಲಾ ಸಸಿ ಮರವಾಗಿ ಬೀಜ ಬಿಡಲು ವರ್ಷಗಳೇ ಬೇಕು. ಗುಂಪು ಎಷ್ಟು ದೊಡ್ಡದು ಅನ್ನುವುದನ್ನೂ ನೋಡಿ. ಮಣಿಪಾಲದ ಮುರಕಲ್ಲಿನ ಬಯಲಿನಲ್ಲಿ ಸಿಕ್ಕ, 2016ರಲ್ಲಿ ಮೈಕ್ರೋಹೈಲಾ ಲ್ಯಾಟರೈಟ್ ಎಂದು ಹೆಸರಾದ ಕಪ್ಪೆ ಹೆಬ್ಬೆರಳ ಉಗುರಿನಷ್ಟಿದೆ. ಅದು ಇರುವ ಕಲ್ಲನ್ನೇ ನಾವು ಕೊಯ್ದು ಮನೆ ಕಟ್ಟುತ್ತೇವೆ. ಆಯ್ಕೆ ನಡೆಯಬೇಕಾದರೆ ಆರಿಸಲು ಒಂದಷ್ಟು ಕಪ್ಪೆಗಳಾದರೂ ಉಳಿದಿರಬೇಕು ಅಲ್ವಾ?