ತಿಂದದ್ದು ಸಾರಂಗ, ಬರೆದದ್ದು ಕುದುರೆ

ಆದಿಮಾನವರ ಗೋಡೆಚಿತ್ರಗಳಿರುವ ಫ್ರಾನ್ಸಿನ ಲಾಸ್ಕೋ ಗುಹೆಯ ನೆಲ ಅಗೆದಾಗ ಪ್ರಾಣಿಗಳ ಮೂಳೆ ಸಿಕ್ಕವು. ನೂರಕ್ಕೆ ಸುಮಾರು 90 ಹಿಮಸಾರಂಗದವು. ಅಲ್ಲಿ ಚಿತ್ರ ಬರೆದವರು ಹೆಚ್ಚಾಗಿ ತಿಂದದ್ದು ಅದನ್ನೇ. ಈಗ ತಲೆ ಎತ್ತಿ ಗೋಡೆ ನೋಡಿ. ಯಾವ ಪ್ರಾಣಿ ಅಂತ ಗುರುತು ಹಿಡಿಯಬಹುದಾದ ಚಿತ್ರಗಳು 600ಕ್ಕೂ ಜಾಸ್ತಿ. ಅದರಲ್ಲಿ 364 ಕುದುರೆಗಳು. ಹಿಮಸಾರಂಗ ಎಷ್ಟು? ಒಂದೇ ಒಂದು.

ಬೇಟೆ ಚೆನ್ನಾಗಿ ಸಿಗಲಿ ಅಂತ ಆದಿಮಾನವ ಮಾಟದ ಹಾಗೆ ಚಿತ್ರ ಬರೆದ ಅನ್ನುವ ಮಾತು ನೀವೂ ಕೇಳಿರುತ್ತೀರಿ. ಅದಕ್ಕೆ ಬಲ ಕೊಟ್ಟವರು ಆಂರಿ ಬ್ರೇಯ್ ಎಂಬ ಫ್ರೆಂಚ್ ಪಾದ್ರಿ. ಗುಹೆಚಿತ್ರಗಳ ವಿಷಯದಲ್ಲಿ ಆ ಕಾಲಕ್ಕೆ ಅವರದೇ ಕೊನೆಯ ಮಾತು. ಆದರೆ ಲಾಸ್ಕೋದ ಮೂಳೆಗಳು ಆ ಮಾತಿಗೆ ತಲೆಯಾಡಿಸುವುದಿಲ್ಲ. ಬೇಟೆಗಾಗಿಯೇ ಬರೆದಿದ್ದರೆ ಗೋಡೆ ತುಂಬ ಸಾರಂಗ ಇರಬೇಕಿತ್ತು, ಅಲ್ವಾ? ನಾವು ದಿನಾ ಅನ್ನ ಸಾರು ಉಣ್ಣುತ್ತೇವೆ. ಹಾಗಂತ ಬಾಗಿಲ ಮುಂದೆ ಅನ್ನದ ತಟ್ಟೆಯ ರಂಗೋಲಿ ಹಾಕುವುದಿಲ್ಲ. ನವಿಲು ಬರೆಯುತ್ತೇವೆ, ತಾವರೆ ಬರೆಯುತ್ತೇವೆ.

ಎಲ್ಲ ಕಡೆ ಹೀಗೇ ಅಂತಲೂ ಅಲ್ಲ. ಬಳ್ಳಾರಿ ಹತ್ತಿರದ ಕುಪ್ಪಗಲ್ಲಿನ ಬೆಟ್ಟಕ್ಕೆ ಹೋದರೆ ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಉದ್ದ ಕೊಂಬಿನ ದನಗಳೇ ದನಗಳು. ಅಲ್ಲಿನ ಹೊಸ ಶಿಲಾಯುಗದ ಜನ ದನ ಸಾಕಿದವರು. ಅವರು ಸುಟ್ಟ ಸಗಣಿಯ ಬೂದಿಗುಡ್ಡೆಗಳು ಆ ಸೀಮೆಯಲ್ಲಿ ಇಂದಿಗೂ ಇವೆ. ಅವರಿಗೆ ಬದುಕೂ ಚಿತ್ರವೂ ಒಂದೇ. ಲಾಸ್ಕೋದವರು ಅವರಿಗಿಂತ ಹತ್ತು ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನವರು. ಅವರ ಮನಸ್ಸಿನಲ್ಲಿ ಇದ್ದದ್ದು ಬೇರೆ ಏನೋ.

ಏನದು? ನನಗೆ ಜಾಸ್ತಿ ಹಿಡಿಸಿದ ಉತ್ತರ ನೋರ್ಬೆರ್ ಓಜುಲಾ ಅವರದು. ಈ ಗುಹೆಯಲ್ಲಿ ವರ್ಷಗಟ್ಟಲೆ ಕೂತು ಗೋಡೆ ಓದಿದವರು. ಚಿತ್ರದ ಮೇಲೆ ಚಿತ್ರ ಬಿದ್ದಿರುವ ಕಡೆ ಮೊದಲು ಯಾವುದು, ಆಮೇಲೆ ಯಾವುದು ಅಂತ ಅವರು ನೋಡಿದರು. ಮೊದಲು ಕುದುರೆ, ಅದರ ಮೇಲೆ ಕಾಡುದನ, ಕೊನೆಗೆ ಗಂಡು ಜಿಂಕೆ. ಈ ಸರದಿ ತಪ್ಪುವುದಿಲ್ಲ. ಇನ್ನು ಮೈಕೂದಲು ನೋಡಿದರೆ ಕುದುರೆಗಳು ಚಳಿಗಾಲ ಮುಗಿದು ವಸಂತ ಬರುವ ಹೊತ್ತಿನವು, ಕಾಡುದನಗಳು ಬೇಸಿಗೆಯವು, ಜಿಂಕೆಗಳು ಶರತ್ಕಾಲದವು. ಮೂರೂ ಆಯಾ ಪ್ರಾಣಿ ಬೆದೆಗೆ ಬರುವ ಕಾಲ. ಅಂದರೆ ಆ ಗೋಡೆಯಲ್ಲಿ ಓಡುತ್ತಿರುವುದು ಒಂದು ವರ್ಷ. ಪಂಚಾಂಗ ಅಂದರೆ ಜಾಸ್ತಿ ಆದೀತು, ಆದರೂ ನನಗೆ ಹಾಗನ್ನಲು ಆಸೆ.

ಇದೆಲ್ಲ ಸುಮ್ನೆ ಹೊತ್ತು ಕಳೆಯಲು ಗೀಚಿದ್ದಲ್ಲ. ಒಂದು ಕಾಡುಗೂಳಿಯ ಉದ್ದವೇ 5 ಮೀಟರಿಗೂ ಹೆಚ್ಚು. ಒಂದು ಓಣಿಯಲ್ಲಿ ಮೇಲೆ ಕೈ ಎಟುಕುವುದಿಲ್ಲ. ಅಲ್ಲಿ ಗೋಡೆಯಲ್ಲಿ ಸಾಲಾಗಿ ತೂತುಗಳಿವೆ. ಮರದ ತೊಲೆ ಸಿಕ್ಕಿಸಿ ಅಟ್ಟ ಕಟ್ಟಿದ ಗುರುತು ಅದು. ಕೆಂಪು, ಹಳದಿಗೆ ಕಬ್ಬಿಣದ ಅಂಶವಿರುವ ಮಣ್ಣು, ನಾವು ಹಬ್ಬಕ್ಕೆ ಬಳಿಯುವ ಕೆಮ್ಮಣ್ಣಿನ ನೆಂಟ. ಕಪ್ಪಿಗೆ ಮ್ಯಾಂಗನೀಸ್ ಕಲ್ಲು. ಕಪ್ಪು ಇದ್ದಿಲಿನದಾಗಿದ್ದರೆ ಬಣ್ಣದಲ್ಲಿರುವ ಇಂಗಾಲದಿಂದಲೇ ಕಾಲ ತಿಳಿಯಬಹುದಿತ್ತು. ಹಾಗಾಗದೆ ನೆಲದಲ್ಲಿ ಸಿಕ್ಕ ಇದ್ದಿಲು, ಕೊಂಬುಗಳಿಂದ ಲೆಕ್ಕ ಹಾಕಿದ್ದಾರೆ. ಸುಮಾರು 17,000ದಿಂದ 21,000 ವರ್ಷ.

1940ರ ಸೆಪ್ಟೆಂಬರ್ 12ರಂದು ನಾಲ್ವರು ಹುಡುಗರು ಒಂದು ಬಿಲದೊಳಗೆ ತೂರಿ ಇದನ್ನು ಕಂಡರು. 1948ರಲ್ಲಿ ಗುಹೆ ಜನರಿಗೆ ತೆರೆಯಿತು. ದಿನಕ್ಕೆ ಸಾವಿರಕ್ಕೂ ಹೆಚ್ಚು ಜನರ ಉಸಿರು, ಬೆವರು, ಮೇಲೆ ದೀಪದ ಬೆಳಕು. ಗೋಡೆಯಲ್ಲಿ ಹಸಿರು ಪಾಚಿ ಹಬ್ಬಿತು. 1963ರಲ್ಲಿ ಬಾಗಿಲು ಹಾಕಿದರು. ಈಗ ಹೋದವರು ನೋಡುವುದು ಪಕ್ಕದಲ್ಲಿ ಕಟ್ಟಿದ ನಕಲನ್ನು.

ಗುಹೆಯಲ್ಲಿ ಒಂದು ಬಾವಿಯಂಥ ಆಳವಿದೆ. ಅಲ್ಲಿ ಕಾಡುಕೋಣವೊಂದು ಕರುಳು ಹೊರಬಿದ್ದು ನಿಂತಿದೆ, ಮೈಯ ರೋಷ ಎದ್ದು ಕಾಣುತ್ತದೆ. ಅದರ ಮುಂದೆ ಬಿದ್ದಿರುವವನು ಇಡೀ ಲಾಸ್ಕೋಗೆ ಒಬ್ಬನೇ ಮನುಷ್ಯ. ಹಕ್ಕಿಯ ತಲೆ, ಕಡ್ಡಿಯಂಥ ಕೈಕಾಲು, ಒಂದನೇ ಕ್ಲಾಸಿನ ಮಗು ಬರೆದ ಹಾಗೆ. ಕೋಣ ಬರೆಯಬಲ್ಲವರಿಗೆ ಮನುಷ್ಯನನ್ನು ಬರೆಯಲು ಬರುತ್ತಿರಲಿಲ್ಲವೇ? ನಾನಂತೂ ನಂಬುವುದಿಲ್ಲ. ಅದೇ ಬಾವಿಯ ತಳದಲ್ಲಿ ಕೆಂಪು ಮರಳುಗಲ್ಲಿನ ದೀಪ ಸಿಕ್ಕಿತು. ಸೌಟಿನ ಆಕಾರ, ಹಿಡಿಯಲು ನುಣುಪಾದ ಹಿಡಿ. ಗುಂಡಿಯಲ್ಲಿ ಬತ್ತಿ ಉರಿದ ಮಸಿ ಇನ್ನೂ ಅಂಟಿಕೊಂಡಿತ್ತು.