ಬಿರುಕು ತುಂಬುವ ಮೊದಲು ಬಚ್ಚಲ ನೀರು ಎಲ್ಲಿಗೆ ಹೋಗುತ್ತೆ ನೋಡಿ

ಯುಗಾದಿಗೆ ಇನ್ನೊಂದು ತಿಂಗಳು ಇದೆ ಅನ್ನುವಾಗ ನನ್ನ ಫೋನಿಗೆ ಒಂದೇ ಥರದ ಕರೆಗಳು ಶುರುವಾಗುತ್ತವೆ. ‘ಸರ, ಗ್ವಾಡಿ ಬಿರುಕ ಬಿಟ್ಟೈತ್ರಿ. ಬಣ್ಣ ಹಚ್ಚೂದ್ರಾಗ ತುಂಬಿಬಿಡಬೇಕು. ಯಾವ ಕೆಮಿಕಲ್ ಛಲೋ ಐತಿ ಹೇಳ್ರಿ.’ ನಾನು ತಿರುಗಿ ಕೇಳುತ್ತೇನೆ, ‘ನಿಮ್ಮ ಬಚ್ಚಲ ನೀರು ಎಲ್ಲಿಗೆ ಹೋಗ್ತೈತ್ರಿ?’ ಆ ಕಡೆ ಸ್ವಲ್ಪ ಹೊತ್ತು ಮಾತೇ ಇರುವುದಿಲ್ಲ. ಗೋಡೆ ಕೇಳಿದರೆ ಬಚ್ಚಲ ಕೇಳುತ್ತಾನಲ್ಲ ಅಂತ.

ಹುಬ್ಬಳ್ಳಿಯಲ್ಲಿ ಕೂತು ಮನೆ ರಿಪೇರಿ ಮಾಡಿಸುವುದೇ ನನ್ನ ಕಸುಬು. ಧಾರವಾಡ ದಾಟಿ ಪಶ್ಚಿಮಕ್ಕೆ ಹೋದರೆ ಕೆಂಪು ಮಣ್ಣು, ಗರಸು ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು. ಆ ಕಡೆಯಿಂದ ನನಗೆ ಕರೆ ಕಡಿಮೆ. ನವಲಗುಂದ, ಅಣ್ಣಿಗೇರಿ, ನರಗುಂದ, ರೋಣದ ಕಡೆ ತಿರುಗಿದರೆ ಎರಿ ಭೂಮಿ, ಅಂದರೆ ಹತ್ತಿ ಬೆಳೆಯುವ ಕಪ್ಪು ಮಣ್ಣು. ಅಲ್ಲಿ ಕೆಲಸಕ್ಕೆ ಬರವಿಲ್ಲ. ಹುಬ್ಬಳ್ಳಿಯಲ್ಲೂ ಹೊಲ ಹೋಗಿ ಲೇಔಟ್ ಆದ ಜಾಗಗಳಲ್ಲಿ ಮೇಲೆ ಟೈಲ್ಸ್ ಕಂಡರೂ ಕೆಳಗೆ ಅದೇ ಹೊಲ.

ಎರಿ ಮಣ್ಣು ಒದ್ದೆಯಾದರೆ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ. ಇದು ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ ಹೊಲದ ಬಿರುಕಿನೊಳಗೆ ಕೈ ಇಳಿಸಿ ಆಡದ ಹುಡುಗ ನಮ್ಮ ಕಡೆ ಯಾರಿದ್ದಾನೆ? ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡಿದ ಎತ್ತನ್ನು ಬಿಸಿಲಿಗಿಟ್ಟರೆ ಸಂಜೆಯೊಳಗೆ ಕಾಲು ಸೀಳಿರುತ್ತೆ. ಅದನ್ನೇ ನೆರಳಿನಲ್ಲಿ, ಒದ್ದೆ ಬಟ್ಟೆ ಮುಚ್ಚಿ ನಿಧಾನ ಒಣಗಿಸಿದರೆ ಹೆಚ್ಚಾಗಿ ಉಳಿಯುತ್ತೆ. ಅದೇ ಮಣ್ಣು, ಅದೇ ಎತ್ತು. ಈ ಎತ್ತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಈ ಉಬ್ಬುವ ಗುಣ ಬರುವುದು ಮಾಂಟ್‌ಮೊರಿಲೊನೈಟ್ ಅನ್ನುವ ಖನಿಜದಿಂದ. ನಿಮ್ಮ ಜಾಗದ ಮಣ್ಣು ಎಷ್ಟು ಉಬ್ಬುತ್ತೆ ಅಂತ ತಿಳಿಯೋಕೆ ಲ್ಯಾಬಿನಲ್ಲಿ ಒಂದು ಸರಳ ಪರೀಕ್ಷೆ ಇದೆ. ಒಣಗಿಸಿ ಜರಡಿ ಹಿಡಿದ ಮಣ್ಣನ್ನು 10 ಗ್ರಾಂನಂತೆ ಎರಡು ಗಾಜಿನ ಕೊಳವೆಗೆ ಹಾಕುತ್ತಾರೆ. ಒಂದರಲ್ಲಿ ಸೀಮೆಎಣ್ಣೆ, ಇನ್ನೊಂದರಲ್ಲಿ ನೀರು. 24 ತಾಸು ಬಿಟ್ಟು ನೋಡಿದರೆ ಸೀಮೆಎಣ್ಣೆಯ ಮಣ್ಣು ಉಬ್ಬದೆ ಸುಮ್ನೆ ತಳದಲ್ಲಿ ಕೂತಿರುತ್ತೆ. ನೀರಿನದ್ದು ಅದರ ಎರಡು ಪಟ್ಟು ಎದ್ದಿದ್ದರೆ ಉಬ್ಬುವಿಕೆ ಶೇಕಡಾ 100 ಅಂತ ಲೆಕ್ಕ. 50ರ ಒಳಗಿದ್ದರೆ ಚಿಂತೆ ಕಡಿಮೆ. 100 ದಾಟಿದರೆ ಸಾದಾ ಪಾಯ ಹಾಕುವ ಮೊದಲು ಎರಡು ಸಲ ಯೋಚಿಸಬೇಕು. ಹೊಸ ಮನೆಯವರು ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ಸಿಬಿಆರ್‌ಐ ರೂಪಿಸಿದ ಅಂಡರ್-ರೀಮ್ಡ್ ಪೈಲ್ (ಆಳಕ್ಕೆ ಇಳಿದು ಬುಡದಲ್ಲಿ ಗಡ್ಡೆಯಂತೆ ದಪ್ಪವಾಗುವ ಕಾಂಕ್ರೀಟ್ ಕಂಬ) ಬಗ್ಗೆ ತಮ್ಮ ಇಂಜಿನಿಯರ್ ಹತ್ತಿರ ಮಾತಾಡಲಿ. ನಾನಿಲ್ಲಿ ಹೇಳಬೇಕಿರುವುದು ಆಗಲೇ ಕಟ್ಟಿದ, ಆಗಲೇ ಸೀಳಿದ ಮನೆಗಳ ವಿಷಯ.

ಜನ ತಪ್ಪು ತಿಳಿಯುವುದು ಒಂದೇ ಕಡೆ. ‘ಎರಿ ಮಣ್ಣಿಗೆ ನೀರು ಕೆಟ್ಟದ್ದು’ ಅಂತ ಯಾರೋ ಹೇಳಿರುತ್ತಾರೆ. ಅದು ಅರ್ಧ ಸತ್ಯ. ನೀರಿನಿಂದಷ್ಟೇ ಮನೆ ಸೀಳುವುದಿಲ್ಲ, ಒಂದು ಮೂಲೆಗೆ ನೀರು ಸಿಕ್ಕು ಇನ್ನೊಂದು ಮೂಲೆಗೆ ಸಿಗದೇ ಹೋದರೆ ಸೀಳುತ್ತೆ. ಇಡೀ ಮನೆ ಒಂದೇ ಸಮ ಒಂದಿಂಚು ಮೇಲೆದ್ದರೆ ಗೋಡೆಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಒಂದು ಮೂಲೆ ಅರ್ಧ ಇಂಚು ಎದ್ದು ಉಳಿದದ್ದು ಇದ್ದಲ್ಲೇ ಕೂತರೆ ಗೋಡೆ ಕೂಗುತ್ತೆ.

ಇನ್ನೂ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಇದನ್ನು ಎಷ್ಟು ಸಲ ಹೇಳಿದರೂ ಮರುವರ್ಷ ಅದೇ ಪ್ರಶ್ನೆ ಬರುತ್ತೆ. ಮನೆ ಅಂದರೆ ನೆಲಕ್ಕೆ ಮುಚ್ಚಿದ ತಾಟು ಇದ್ದಂಗೆ. ಪಡಸಾಲೆಯ ನಡುಮಧ್ಯದ ಕೆಳಗಿನ ಮಣ್ಣಿಗೆ ಬಿಸಿಲೂ ಇಲ್ಲ, ಮಳೆಯೂ ಇಲ್ಲ. ಅದರ ತೇವ ವರ್ಷಪೂರ್ತಿ ಹೆಚ್ಚುಕಡಿಮೆ ಒಂದೇ. ಅಂಚಿನ ಮಣ್ಣು ಹಂಗಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಒಣಗಿ ಇಳಿಯುತ್ತೆ, ಮಳೆಗಾಲದಲ್ಲಿ ನೆಂದು ಏಳುತ್ತೆ. ನಡುವೆ ನಿಂತ ನೆಲ, ಏರಿಳಿಯುವ ಅಂಚು. ಕಿಟಕಿಯ ಮೂಲೆಯಿಂದ ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಬಿರುಕು ಶುರುವಾಗುವುದು ಇಲ್ಲಿ. ಒಂದಂತಸ್ತಿನ ಹಗುರ ಮನೆಗಳು ಜಾಸ್ತಿ ಸೀಳುವುದೂ ಇದಕ್ಕೇ. ಉಬ್ಬುವ ಮಣ್ಣನ್ನು ಅದುಮಿ ಹಿಡಿಯುವಷ್ಟು ಭಾರ ಅವಕ್ಕೆ ಇರುವುದಿಲ್ಲ. ‘ಮ್ಯಾಲ ಇನ್ನೊಂದು ಮಾಳಗಿ ಏರಿಸಿದ್ರ ನಿಲ್ತೈತೇನ್ರಿ?’ ಅಂತ ಒಬ್ಬರು ಕೇಳಿದ್ದರು. ಇಲ್ಲರೀ, ದಯವಿಟ್ಟು ಅದನ್ನು ಮಾಡಬೇಡಿ.

ಈಗ ಬೇಸಿಗೆಯಲ್ಲಿ ಬಿರುಕಿಗೆ ಸಿಮೆಂಟ್ ತುಂಬಿದರೆ ಏನಾಗುತ್ತೆ ನೋಡಿ. ಬಿರುಕು ಅತಿ ಅಗಲ ಇರುವುದು ಆಗಲೇ. ಮಳೆ ಬಂದು ಅಂಚು ಏಳುತ್ತೆ, ಬಿರುಕು ಮುಚ್ಚಿಕೊಳ್ಳಲು ನೋಡುತ್ತೆ. ನಡುವೆ ನಿಮ್ಮ ಸಿಮೆಂಟ್ ಕೂತಿದೆ. ಬಾಗಿಲ ಸಂದಿಗೆ ಕಲ್ಲು ಇಟ್ಟು ಬಾಗಿಲು ನೂಕಿದರೆ ಏನಾಗುತ್ತೆ? ಕಲ್ಲು ಒಡೆಯುವುದಿಲ್ಲ, ಚೌಕಟ್ಟು ಸಡಿಲಾಗುತ್ತೆ. ಹಂಗೇ ಹಳೆಯ ಬಿರುಕಿನ ಪಕ್ಕ ಗೇಣು ದೂರದಲ್ಲಿ ಹೊಸದೊಂದು ಹುಟ್ಟುತ್ತೆ. ಮುಂದಿನ ಯುಗಾದಿಗೆ ಎರಡು ಬಿರುಕು, ಎರಡು ಡಬ್ಬಿ ಕೆಮಿಕಲ್.

ಗೋಕುಲ ರೋಡ್ ಕಡೆ ಒಬ್ಬ ನಿವೃತ್ತ ಮಾಸ್ತರರ ಮನೆ. ಅಡುಗೆಮನೆಯ ಗೋಡೆಯಲ್ಲಿ ಓರೆ ಬಿರುಕು. ಉಳಿ ಹಾಕಿ ಒಂದು ತುಂಡು ಎಬ್ಬಿಸಿದೆ. ಒಳಗೆ ಬಿಳಿ ಸಿಮೆಂಟ್, ಅದರ ಪಕ್ಕ ಪಿಸ್ತಾ ಬಣ್ಣದ ಗೆರೆ, ಮತ್ತೆ ಪುಟ್ಟಿ, ಮತ್ತೆ ಗುಲಾಬಿ, ಎಂ-ಸೀಲ್, ಮತ್ತೆ ಕೆನೆ ಬಣ್ಣ. ಮರದ ಕಾಂಡ ಕೊಯ್ದರೆ ವರ್ಷದ ಉಂಗುರ ಕಾಣುತ್ತವಲ್ಲ, ಹಂಗೆ. 7 ಯುಗಾದಿಯ ಲೆಕ್ಕ ಅಲ್ಲೇ ಸಿಕ್ಕಿತು. ಮಾಸ್ತರರು ಸ್ವಲ್ಪ ನಾಚಿಕೊಂಡರು. ‘ಪ್ರತಿ ವರ್ಷ ಗೌಂಡಿ ಇದ ಕಡೀಸಲ ಅಂತಿದ್ದರಿ’ ಅಂದರು. ಗೌಂಡಿಯನ್ನು ನಾನು ಬೈಯಲಾರೆ. ಅವನಿಗೆ ಬಿರುಕು ತೋರಿಸಿ ತುಂಬು ಅಂದರು, ಅವನು ತುಂಬಿದ.

ಮನೆ ಸುತ್ತ ಒಂದು ಸುತ್ತು ಹಾಕಿದೆ. ಮುಂದೆ ದೊಡ್ಡ ಬೇವಿನ ಮರ, ಗೋಡೆಯಿಂದ 6 ಅಡಿ ದೂರದಲ್ಲಿ. ಬೇಸಿಗೆಯಲ್ಲಿ ಅದು ಆ ಮೂಲೆಯ ಮಣ್ಣಿನ ತೇವವನ್ನೆಲ್ಲ ಹೀರುತ್ತೆ. ಹಿಂದೆ ಅಡುಗೆಮನೆಗೆ ಹೊಂದಿಕೊಂಡು ನೆಲದೊಳಗಿನ ನೀರಿನ ಟಾಕಿ. ನಮ್ಮ ಊರಿನ ನೀರಿನ ಕಥೆ ನಿಮಗೆ ಗೊತ್ತಲ್ಲ. ಸವದತ್ತಿಯ ಮಲಪ್ರಭಾ ಅಣೆಕಟ್ಟಿನ ನೀರು ಎಷ್ಟೋ ಬಡಾವಣೆಗೆ ದಿನಗಟ್ಟಲೆ ಕಾದ ಮೇಲೆ ಬರುತ್ತೆ. ನಳ ಬಂದ ದಿನ ಟಾಕಿ, ಬ್ಯಾರೆಲ್ಲು, ಕೊಡ ಎಲ್ಲ ತುಂಬಬೇಕು. ರಾತ್ರಿ ನಳ ಬಂದರೆ ಟಾಕಿ ತುಂಬಿ ಹರಿಯುತ್ತಲೇ ಇರುತ್ತೆ, ಯಾರೂ ಏಳುವುದಿಲ್ಲ. ಆ ಟಾಕಿಯ ಪಕ್ಕ ಬಚ್ಚಲ ಪೈಪು, ಪೈಪಿನ ಬಾಯಿಗೆ ಬಾಳೆಗಿಡ. ಬಿರು ಬಿಸಿಲಿನಲ್ಲೂ ಬಾಳೆ ಹಸಿರಾಗಿ ನಗುತ್ತಿತ್ತು. ಅಲ್ಲಿಗೆ ಕಾಯಿಲೆ ತಿಳಿಯಿತು. ಹಿಂದಿನ ಮೂಲೆ ವರ್ಷವಿಡೀ ಉಬ್ಬಿದೆ, ಮುಂದಿನ ಮೂಲೆ ಬೇಸಿಗೆಯಲ್ಲಿ ಇಳಿಯುತ್ತೆ.

ಇದರ ಮೇಲೆ ಮಾಸ್ತರರು ಇನ್ನೊಂದು ಕೆಲಸ ಮಾಡಿದ್ದರು. ‘ನೀರು ಕೆಟ್ಟದ್ದು’ ಅಂತ ಕೇಳಿ ಮುಂದಿನ ಅಂಗಳಕ್ಕೆಲ್ಲ ಪರ್ಸಿ ಕಲ್ಲಿನ ಚಪ್ಪಡಿ ಹಾಸಿ, ಸಂದಿಗೆ ಸಿಮೆಂಟ್ ಬಡಿಸಿದ್ದರು. ಹಿಂದೆ ಹಾಗೇ ಬಿಟ್ಟಿದ್ದರು. ಒಣ ಮೂಲೆಗೆ ಸಿಗುತ್ತಿದ್ದ ಮಳೆನೀರೂ ತಪ್ಪಿತು, ಒದ್ದೆ ಮೂಲೆ ಒದ್ದೆಯಾಗೇ ಉಳಿಯಿತು. ಆ ವರ್ಷ ಬಿರುಕು ಇನ್ನೂ ಅಗಲವಾಯಿತಂತೆ. ಬಿಸಿಲಿಗಿಟ್ಟ ಮಣ್ಣೆತ್ತು ಇದೇ. ಒಂದು ಮಗ್ಗಲು ಒಣಗಿ ಇನ್ನೊಂದು ಹಸಿ ಇದ್ದರೆ ಕಾಲು ಸೀಳುತ್ತೆ.

ಅವತ್ತು ನನಗೆ ಸರಿಯಾದ ಮಾಹಿತಿ ಕೊಟ್ಟವರು ಅವರ ಮನೆಯವರು. ಚಹಾ ತಂದು ಇಡುತ್ತ ಅಂದರು: ‘ಸಾಹೇಬ್ರ, ಈ ಅಡಗಿಮನಿ ಬಾಗಲಾ ಬ್ಯಾಸಿಗ್ಯಾಗ ಹತ್ತೂದಿಲ್ರಿ. ದಸರಾದಾಗ ಸರಳ ಹತ್ತತೈತಿ.’ ನೋಡಿ, ಇಂಜಿನಿಯರಿಗೆ ಬೇಕಾದದ್ದು ಇದು. ಬಿರುಕು ಋತುವಿನ ಜೊತೆ ಆಡುತ್ತಿದೆಯೋ, ಒಂದೇ ಕಡೆಗೆ ಬೆಳೆಯುತ್ತಲೇ ಇದೆಯೋ? ಇದು ಒಂದು ಸಲ ಬಂದು ನೋಡಿದ ನನಗೆ ಕಾಣದು. ದಿನಾ ಬಾಗಿಲು ಹಾಕುವವರಿಗೆ ಗೊತ್ತಿರುತ್ತೆ.

ಮುಂದೆ ಮಾಡಿದ್ದು ಬೇಸರ ತರುವಂಥ ಕೆಲಸ. ಬಚ್ಚಲ ನೀರನ್ನು ಸೀದಾ ಗಟಾರಕ್ಕೆ ಒಯ್ದೆವು. ಟಾಕಿ ಖಾಲಿ ಮಾಡಿ ಒಳಗಿಂದ ಗಿಲಾವು (ಪ್ಲಾಸ್ಟರ್) ಮಾಡಿಸಿ, ತುಂಬಿದ ಕೂಡಲೇ ನೀರು ತಾನೇ ನಿಲ್ಲುವಂತೆ ಪೈಪಿಗೆ ಬಾಲ್ ವಾಲ್ವ್ ಕೂಡಿಸಿದೆವು. ತಾರಸಿಯ ನೀರು ಇಳಿಯುವ ಪೈಪನ್ನು ಗೋಡೆ ಬುಡದಲ್ಲಿ ಬಿಡದೆ ದೂರ ಹಾಯಿಸಿದೆವು. ಮನೆ ಸುತ್ತ ಸುಮಾರು 5 ಅಡಿ ಅಗಲ ಎರಿ ಮಣ್ಣು ತೆಗೆದು ಗರಸು ತುಂಬಿ, ಪದರ ಪದರವಾಗಿ ನೀರು ಹೊಡೆದು ಬಡಿದು, ಮೇಲೆ ಹೊರಗೆ ಇಳಿಜಾರು ಇರುವ ಕಟ್ಟೆ ಕಟ್ಟಿದೆವು. ಉಸುಕು ತುಂಬಬೇಡಿ. ಅಗ್ಗ ಅಂತ ಉಸುಕು ತುಂಬಿದರೆ ಪಾಯದ ಪಕ್ಕ ನೀರಿನ ಟಾಕಿ ಕಟ್ಟಿದಂಗೆ. ಗರಸಿಗೆ ಒಂದು ಅಂಟು ಇರಬೇಕು, ಉಬ್ಬುವ ಗುಣ ಇರಬಾರದು. ಎರಿ ಮಣ್ಣನ್ನು ಇಂಥ ಮಣ್ಣಿನ ಪದರದಿಂದ ಹಿಡಿದಿಡಬಹುದು ಅನ್ನುವುದು ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ಅವರ ಕೆಲಸ. ನಮ್ಮ ಮಲಪ್ರಭಾ ಕಾಲುವೆಯಲ್ಲೇ ಅದನ್ನು ಬಳಸಿದ್ದಾರೆ.

ಬೇವಿನ ಮರ ಕಡಿಯಲಿಲ್ಲ. ಕಡಿಯೋಣ ಅಂತ ಮಾಸ್ತರರೇ ಅಂದಿದ್ದರು. ಇಷ್ಟು ದೊಡ್ಡ ಮರವನ್ನು ಒಮ್ಮೆಲೇ ಕಡಿದರೆ ಅದು ಹೀರುತ್ತಿದ್ದ ನೀರು ಮಣ್ಣಲ್ಲೇ ಉಳಿದು ಆ ಮೂಲೆ ಮೇಲೇಳಬಹುದು. ಟೊಂಗೆ ಸವರಿ ಹಗುರ ಮಾಡಿದೆವು, ಅಷ್ಟೇ.

ಆಮೇಲೆ ಬಿರುಕು ತುಂಬಲಿಲ್ಲ. ಇದನ್ನು ಒಪ್ಪಿಸುವುದೇ ಕಷ್ಟ. ಖರ್ಚು ಮಾಡಿಸಿದಿರಿ, ಬಿರುಕು ಹಂಗೇ ಐತಲ್ಲ ಅಂತಾರೆ. ಒಂದು ಮಳೆಗಾಲ, ಒಂದು ಬೇಸಿಗೆ ಕಾಯಬೇಕು. ಬಿರುಕಿನ ಮೇಲೆ ಅಡ್ಡ ಒಂದು ತೆಳು ಗಾಜಿನ ಪಟ್ಟಿ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು ಬರೆದೆ. ಗೋಡೆ ಅಲುಗಿದರೆ ಗಾಜು ಒಡೆಯುತ್ತೆ. ವರ್ಷಪೂರ್ತಿ ಒಡೆಯದಿದ್ದರೆ ಎರಡೂ ಕಡೆ ಗಿಲಾವು ಕೆತ್ತಿ, ಸಂದಿಗೆ ಅಡ್ಡ ಸರಳು ಕೂಡಿಸಿ, ಜಾಳಿಗೆ ಬಡಿದು ಮತ್ತೆ ಗಿಲಾವು. ಆ ಗಾರೆ ಬರೀ ಸಿಮೆಂಟಿನದ್ದಾಗದೆ 1 ಸಿಮೆಂಟ್, 1 ಸುಣ್ಣ, 6 ಉಸುಕು ಇದ್ದರೆ ಛಲೋ. ಸುಣ್ಣ ಇದ್ದ ಗಾರೆ ಸ್ವಲ್ಪ ಬಾಗುತ್ತೆ.

ಒಂದು ಎಚ್ಚರಿಕೆ. ಎಲ್ಲ ಬಿರುಕಿಗೂ ಬಚ್ಚಲ ಕಾರಣ ಅಲ್ಲ. ಕಾಲಂ ಅಥವಾ ಬೀಮ್ ಸೀಳಿದ್ದರೆ, ತುಕ್ಕಿನ ಕಲೆ ಇಳಿಯುತ್ತಿದ್ದರೆ, ಬಿರುಕು ವಾರವಾರಕ್ಕೆ ಅಗಲವಾಗುತ್ತಿದ್ದರೆ ಗಾಜು ಅಂಟಿಸಿ ಕೂರಬೇಡಿ, ಅವತ್ತೇ ಇಂಜಿನಿಯರನ್ನು ಕರೆಸಿ. ಹಳೆಯ ಹಳ್ಳಿ ಮನೆಗಳಲ್ಲಿ ನೆಲ ಒಂದೇ ಕಡೆ ಗುಂಡಗೆ ಕುಸಿದರೆ ಕೆಳಗೆ ಮರೆತುಹೋದ ಹಗೇವು, ಅಂದರೆ ಕಾಳು ತುಂಬಿಡುತ್ತಿದ್ದ ನೆಲದೊಳಗಿನ ಕುಣಿ, ಇರಬಹುದು. ಪಾಯದ ಕೆಳಗೆ ಅಗೆದು ಕಟ್ಟುವ ಕೆಲಸವನ್ನಂತೂ ಗೌಂಡಿಯ ಧೈರ್ಯದ ಮೇಲೆ ಬಿಡಬೇಡಿ. ಒಂದು ಇಡೀ ಬದಿಯನ್ನು ಒಮ್ಮೆಲೇ ತೆರೆದ ಗೋಡೆಗಳು ಮಲಗಿದ್ದನ್ನು ನೋಡಿದ್ದೇನೆ.

ಮಾಸ್ತರರ ಮನೆಯ ಗಾಜು ಜೂನ್ ತಿಂಗಳಲ್ಲಿ ಒಡೆಯಿತು. ಮೊದಲ ವರ್ಷ ಅದು ಸಹಜ, ಮಣ್ಣು ಸಮತೂಕಕ್ಕೆ ಬರಲು ಹೊತ್ತು ಬೇಕು. ಎರಡನೇ ಪಟ್ಟಿ ಅಂಟಿಸಿದೆ. ಅಷ್ಟರಲ್ಲಿ ಮಗನ ಮದುವೆ ಗೊತ್ತಾಯಿತು. ಮಾಸ್ತರರಿಗೆ ಕೈ ತಡೆಯಲಿಲ್ಲ, ಪುಟ್ಟಿ ಡಬ್ಬಿ ತಂದೇ ಬಿಟ್ಟರು. ಅವರ ಮನೆಯವರು ಡಬ್ಬಿಯನ್ನು ಅಟ್ಟದ ಮೇಲಿಟ್ಟು ಬಿರುಕಿನ ಮೇಲೊಂದು ಕ್ಯಾಲೆಂಡರ್ ನೇತುಹಾಕಿದರು. ತಿಂಗಳ ಹಾಳೆ ತಿರುವುವಾಗೆಲ್ಲ ಹಿಂದೆ ಇಣುಕಿ ನನಗೆ ಫೋನ್ ಮಾಡುತ್ತಾರೆ. ‘ಗಾಜು ಸಾಬೂತ ಐತ್ರಿ. ಆದ್ರ ಆ ಬಾಳೀಗಿಡಕ್ಕ ಈಗ ನೀರ ಇಲ್ಲಲ್ರೀ, ಅದಕ್ಕೇನ ಮಾಡೂಣು?’ ಹಿತ್ತಲ ಕಂಪೌಂಡಿನ ಆಚೆ ಮೂಲೆಗೆ ಒಂದು ಮರಿ ಕಿತ್ತು ಹಚ್ಚಿ ಅಂದಿದ್ದೇನೆ.