ಹದಿನೆಂಟಕ್ಕೇ ಶುರುವಾದ ಬೆನ್ನುನೋವು

2007ರ ಆಗಸ್ಟ್. ಅಮೆರಿಕದ ನ್ಯೂ ಹೇವನ್‌ನಲ್ಲಿ ಮಹಿಳಾ ಟೆನಿಸ್ ಫೈನಲ್. ಒಂದು ಕಡೆ ರಷ್ಯಾದ ಸ್ವೆಟ್ಲಾನಾ ಕುಜ್ನೆತ್ಸೋವಾ, 2004ರಲ್ಲೇ ಯುಎಸ್ ಓಪನ್ ಗೆದ್ದವರು. ಇನ್ನೊಂದು ಕಡೆ ಅರ್ಹತಾ ಸುತ್ತು ದಾಟಿ ಬಂದಿದ್ದ 18ರ ಹಂಗೇರಿ ಹುಡುಗಿ. ಮೊದಲ ಸೆಟ್ 6-4ರಿಂದ ಹುಡುಗಿಯ ಪಾಲಾಯಿತು. ಎರಡನೆಯದರಲ್ಲಿ 0-3. ಅಲ್ಲಿಗೆ ಆಟ ನಿಂತಿತು. ಸೊಂಟದ ಹತ್ತಿರ ಬೆನ್ನು ಹಿಡಿದುಕೊಂಡು, ಮುಂದೆ ಆಡುವುದು ಸಾಧ್ಯವೇ ಇರಲಿಲ್ಲ.

ಆ ಹುಡುಗಿ ಆಗ್ನೆಶ್ ಸಾವೈ. ಇಂಗ್ಲಿಷ್ ಕಾಮೆಂಟರಿಯವರ ಬಾಯಲ್ಲಿ ಈ ಹೆಸರು ಏನೇನೋ ಆಗುತ್ತಿತ್ತು. ಹಂಗೇರಿಯವರು 'ಎಸ್' ಅಕ್ಷರವನ್ನು 'ಶ' ಎಂದು ಓದುತ್ತಾರೆ, 'ಎಸ್' ಪಕ್ಕ 'ಜೆಡ್' ಬಂದರೆ ಮಾತ್ರ 'ಸ'. ಮನೆತನದ ಹೆಸರೂ ಅಲ್ಲಿ ಮೊದಲು ಬರುತ್ತದೆ. ಅವರ ಊರಲ್ಲಿ ಆಕೆ ಸಾವೈ ಆಗ್ನೆಶ್.

ಊರು ಎಂದರೆ ಶೋಲ್ಟ್‌ವಾಡ್‌ಕೆರ್ಟ್. ಬುಡಾಪೆಸ್ಟ್‌ನಿಂದ ದಕ್ಷಿಣಕ್ಕೆ, ದ್ರಾಕ್ಷಿ ತೋಟಗಳ ನಡುವಿನ ಪುಟ್ಟ ಪಟ್ಟಣ. ಸಾವೈ ಹುಟ್ಟಿದ್ದು ಹತ್ತಿರದ ಕಿಶ್ಕುನ್‌ಹಾಲಾಶ್‌ನಲ್ಲಿ, 1988ರ ಡಿಸೆಂಬರ್ 29ರಂದು. ಈ ತಾರೀಖು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2005ರಲ್ಲಿ, 16ನೇ ವಯಸ್ಸಿಗೆ, ಆಕೆ ಫ್ರೆಂಚ್ ಓಪನ್ ಜೂನಿಯರ್ ಸಿಂಗಲ್ಸ್ ಗೆದ್ದರು. ಫೈನಲ್‌ನಲ್ಲಿ ರೊಮೇನಿಯಾದ ರಾಲುಕಾ ಓಲಾರು ವಿರುದ್ಧ 6-2, 6-1. ಡಬಲ್ಸ್ ಕಪ್ಪೂ ಆಕೆಯದೇ, ಜೊತೆಗಾರ್ತಿ ಬೆಲಾರುಸ್‌ನ ವಿಕ್ಟೋರಿಯಾ ಅಜರೆಂಕಾ. ಅದೇ ಜೋಡಿ ಕೆಲವೇ ವಾರಗಳಲ್ಲಿ ವಿಂಬಲ್ಡನ್ ಬಾಲಕಿಯರ ಡಬಲ್ಸನ್ನೂ ಗೆದ್ದಿತು. ಎರಡು ವರ್ಷದ ಹಿಂದೆ ನಮ್ಮ ಸಾನಿಯಾ ಮಿರ್ಜಾ ಎತ್ತಿದ್ದ ಕಪ್ಪದು. ಆ ಬ್ಯಾಚ್ ನೋಡಿ: ಆ ವರ್ಷ ಆಸ್ಟ್ರೇಲಿಯಾ ಮತ್ತು ಅಮೆರಿಕದ ಜೂನಿಯರ್ ಸಿಂಗಲ್ಸ್ ಅಜರೆಂಕಾಗೆ, ವಿಂಬಲ್ಡನ್ ಪೋಲೆಂಡ್‌ನ ಅಗ್ನೀಷ್ಕಾ ರಾಡ್ವಾನ್‌ಸ್ಕಾಗೆ, ಫ್ರೆಂಚ್ ಓಪನ್ ಸಾವೈಗೆ.

ಅಂಥ ಹುಡುಗಿ 2006ರಲ್ಲಿ ಯಾಕೆ ಸುದ್ದಿಯಲ್ಲಿರಲಿಲ್ಲ? ಒಂದು ಕಾರಣವನ್ನು ಮಹಿಳಾ ಟೆನಿಸ್‌ನ ನಿಯಮದಲ್ಲೇ ಹುಡುಕಬಹುದು. 14 ತುಂಬುವವರೆಗೆ ವೃತ್ತಿಪರ ಟೂರ್ನಿಗೆ ಪ್ರವೇಶವಿಲ್ಲ. ಅಲ್ಲಿಂದ ಮುಂದೆ ಒಂದೊಂದು ಹುಟ್ಟುಹಬ್ಬಕ್ಕೂ ಇನ್ನಷ್ಟು ಟೂರ್ನಿ ಆಡಲು ಅವಕಾಶ. 18 ಆದ ಮೇಲೆ ಎಷ್ಟು ಬೇಕಾದರೂ ಆಡಬಹುದು. 1995ರಲ್ಲಿ ಈ ನಿಯಮ ಬಂದದ್ದು ಸುಮ್ನೆ ಅಲ್ಲ. 16ಕ್ಕೇ ಯುಎಸ್ ಓಪನ್ ಗೆದ್ದಿದ್ದ ಟ್ರೇಸಿ ಆಸ್ಟಿನ್ ಅವರನ್ನು ಬೆನ್ನುನೋವು ಇಪ್ಪತ್ತರ ಆಸುಪಾಸಿನಲ್ಲೇ ಹಣಿದಿತ್ತು. ಆಂಡ್ರಿಯಾ ಜೇಗರ್ ಅವರಿಗೆ ಭುಜ ಕೈಕೊಟ್ಟಿತು. 13ಕ್ಕೇ ವೃತ್ತಿಪರ ಆಟಕ್ಕಿಳಿದ ಜೆನ್ನಿಫರ್ ಕ್ಯಾಪ್ರಿಯಾಟಿ 17ರ ಹೊತ್ತಿಗೆ ಆಟವನ್ನೇ ಬಿಟ್ಟು ಕೂತಿದ್ದರು.

ಹಂಗೇರಿಗೂ ಇದು ಗೊತ್ತಿದ್ದ ಕಥೆಯೇ. 1983ರಲ್ಲಿ ಆಂಡ್ರಿಯಾ ತೆಮೆಶ್ವಾರಿ 17ನೇ ವಯಸ್ಸಿಗೆ ಇಟಾಲಿಯನ್ ಓಪನ್ ಗೆದ್ದರು. ಆಗ ಹೆಂಗಸರ ಟೂರ್ನಿ ನಡೆಯುತ್ತಿದ್ದದ್ದು ರೋಮ್‌ನಲ್ಲಲ್ಲ, ಪೆರೂಜಾದಲ್ಲಿ. ಮರುವರ್ಷದ ಜನವರಿಗೆ ಆಕೆ ವಿಶ್ವದ 7ನೇ ಸ್ಥಾನದಲ್ಲಿದ್ದರು. ಆಮೇಲೆ ಕಾಲಿನ ಕೀಲು, ಭುಜ, ಒಂದಾದ ಮೇಲೊಂದು ಗಾಯ. 1986ರಲ್ಲಿ ದಿಗ್ಗಜ ಆಟಗಾರ್ತಿ ಮಾರ್ಟಿನಾ ನವ್ರಾಟಿಲೋವಾ ಜೊತೆ ಫ್ರೆಂಚ್ ಓಪನ್ ಡಬಲ್ಸ್ ಗೆದ್ದರು ನಿಜ, ಸಿಂಗಲ್ಸ್‌ನಲ್ಲಿ ಆ ಹಳೆಯ ಎತ್ತರ ಮತ್ತೆ ಸಿಗಲಿಲ್ಲ. ಅದೇ ದೇಶದ ಜುಜಾ ಕೊರ್ಮೊತ್ಸಿ 1958ರಲ್ಲಿ ಫ್ರೆಂಚ್ ಓಪನ್ ಸಿಂಗಲ್ಸ್ ಗೆದ್ದಾಗ ವಯಸ್ಸು 33! ಆ ಕಾಲದ ಆಟವೇ ಬೇರೆ, ಅಲ್ವಾ? ಮರದ ರ‍್ಯಾಕೆಟ್, ಚೆಂಡಿಗೆ ಇಷ್ಟು ವೇಗವೂ ಇರಲಿಲ್ಲ, ಇಷ್ಟು ತಿರುಗುವಿಕೆಯೂ ಇರಲಿಲ್ಲ.

ಈಗ ಆ ತಾರೀಖಿಗೆ ಬರೋಣ. 2006ರ ಡಿಸೆಂಬರ್ 29ಕ್ಕೆ ಸಾವೈಗೆ 18 ತುಂಬಿತು. 2007 ಶುರುವಾದಾಗ ಮೊದಲ ನೂರರಲ್ಲೂ ಇರಲಿಲ್ಲ. ಜುಲೈನಲ್ಲಿ ಇಟಲಿಯ ಪಲೆರ್ಮೊದಲ್ಲಿ ಡಬ್ಲ್ಯುಟಿಎ, ಅಂದರೆ ಮಹಿಳೆಯರ ವೃತ್ತಿಪರ ಟೆನಿಸ್ ಟೂರ್‌ನ ಮೊದಲ ಪ್ರಶಸ್ತಿ, ಫೈನಲ್ 6-0, 6-1. ಆಗಸ್ಟ್‌ನಲ್ಲಿ ನ್ಯೂ ಹೇವನ್. ಅದೇ ತಿಂಗಳು ಸಾನಿಯಾ ತಮ್ಮ ಅತಿ ಎತ್ತರದ 27ನೇ ರ‍್ಯಾಂಕ್ ಮುಟ್ಟಿದ್ದರಿಂದ ನಮ್ಮ ಪತ್ರಿಕೆಗಳ ಗಮನ ಇತ್ತ ಇತ್ತು.

ರ‍್ಯಾಂಕಿಂಗ್‌ನಲ್ಲಿ ಕೆಳಗಿರುವವರ ಕಷ್ಟ ಹೊರಗಿನಿಂದ ಕಾಣುವುದಿಲ್ಲ. ಅವರು ಮುಖ್ಯ ಸುತ್ತಿಗೆ ಬರುವ ಮೊದಲೇ ಎರಡು ಮೂರು ಪಂದ್ಯ ಆಡಿರಬೇಕು. ದೊಡ್ಡ ಆಟಗಾರ್ತಿ ವಾರದ ಮೊದಲ ಸರ್ವ್ ಮಾಡುವಾಗ ಅರ್ಹತಾ ಸುತ್ತಿನವರ ಸೊಂಟ ಆಗಲೇ ನೂರಾರು ಸಲ ತಿರುಚಿರುತ್ತದೆ. ಸರ್ವ್ ಮಾಡುವವರನ್ನು ಪಕ್ಕದಿಂದ ನೋಡಿದ್ದೀರಾ? ಚೆಂಡು ಮೇಲೆ ಹೋಗುತ್ತಿದ್ದಂತೆ ಮೊಣಕಾಲು ಮಡಚುತ್ತದೆ. ಬೆನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗುತ್ತದೆ. ಅದೇ ಗಳಿಗೆಯಲ್ಲಿ ಸೊಂಟ ಒಂದು ಕಡೆ, ಹೆಗಲು ಇನ್ನೊಂದು ಕಡೆ. ಮರುಕ್ಷಣ ಎಲ್ಲವೂ ಮುಂದಕ್ಕೆ ಚಿಮ್ಮಬೇಕು. ಈ ಬಾಗು ಮತ್ತು ತಿರುಚು ಸೇರಿ ಬೀಳುವ ಭಾರವೆಲ್ಲ ಬೆನ್ನುಮೂಳೆಯ ಕೆಳತುದಿಗೆ. ಬೆಳೆಯುವ ವಯಸ್ಸಿನಲ್ಲಿ ಅಲ್ಲಿಯ ಎಲುಬು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಎಳೆಯ ಟೆನಿಸ್ ಆಟಗಾರರಲ್ಲಿ ಬೆನ್ನುನೋವು ಜಾಸ್ತಿ ಇರುವುದು ಇದಕ್ಕೇ.

ನ್ಯೂ ಹೇವನ್ ಫೈನಲ್ ಬಿಟ್ಟುಕೊಟ್ಟ ಎರಡೇ ದಿನಕ್ಕೆ ಯುಎಸ್ ಓಪನ್ ಶುರು. ಸಾವೈ ಮನೆಗೆ ಹೋಗಲಿಲ್ಲ, ಆಡಿದರು. ಕ್ವಾರ್ಟರ್‌ಫೈನಲ್‌ವರೆಗೂ ಹೋದರು. ಅಲ್ಲಿ ಎದುರಾದದ್ದು ಮತ್ತೆ ಅದೇ ಕುಜ್ನೆತ್ಸೋವಾ, ಈ ಸಲ ನೇರ ಸೆಟ್‌ಗಳಲ್ಲಿ ಸೋಲು. ಸೆಪ್ಟೆಂಬರ್‌ನಲ್ಲಿ ಬೀಜಿಂಗ್ ಫೈನಲ್: ಸೆರ್ಬಿಯಾದ ಯೆಲೆನಾ ಯಾಂಕೊವಿಚ್ ವಿರುದ್ಧ ಮೊದಲ ಸೆಟ್ ಟೈಬ್ರೇಕ್‌ನಲ್ಲಿ ಕಳೆದುಕೊಂಡು, ಆಮೇಲೆ 7-5, 6-2ರಿಂದ ಗೆಲುವು. ವರ್ಷದ ಹೊಸ ಪ್ರತಿಭೆ ಪ್ರಶಸ್ತಿ ಯಾರಿಗೆ ಎಂದು ಕೇಳಬೇಕಾಗಿಯೇ ಇರಲಿಲ್ಲ. 2008ರ ಏಪ್ರಿಲ್‌ನಲ್ಲಿ ರ‍್ಯಾಂಕ್ 13.

ಎಲ್ಲ ತಪ್ಪನ್ನೂ ವೇಳಾಪಟ್ಟಿಯ ಮೇಲೆ ಹೊರಿಸಲು ನನಗೆ ಮನಸ್ಸಿಲ್ಲ. ಗೆಲ್ಲುತ್ತಿರುವ 18ರ ಹುಡುಗಿಗೆ 'ಎರಡು ವಾರ ಮಲಗಿಕೋ' ಎಂದರೆ ಯಾರು ಕೇಳುತ್ತಾರೆ? ಆದರೂ ನಿಯಮ ಬರೆದವರು 18ನ್ನೇ ಗೆರೆ ಎಂದುಕೊಂಡದ್ದು ವಿಚಿತ್ರ. ಕ್ಯಾಲೆಂಡರ್ ಬದಲಾಯಿತು ಎಂದು ಎಲುಬು ಬದಲಾಗುವುದಿಲ್ಲ.

ಆಮೇಲಿನದು ಏಳುಬೀಳು. 2009ರ ಫ್ರೆಂಚ್ ಓಪನ್ ಮೂರನೇ ಸುತ್ತಿನಲ್ಲಿ ವೀನಸ್ ವಿಲಿಯಮ್ಸ್ ಅವರನ್ನು 6-0, 6-4ರಿಂದ ಸೋಲಿಸಿದರು. ಎರಡೂ ಕೈ ಹಿಡಿದು ಹೊಡೆಯುವ ಆ ಬ್ಯಾಕ್‌ಹ್ಯಾಂಡ್ ಕೈಗೂಡಿದ ದಿನ ಎದುರಿಗೆ ಯಾರಿದ್ದರೂ ಒಂದೇ. ಅದೇ ಜುಲೈನಲ್ಲಿ ಬುಡಾಪೆಸ್ಟ್‌ನಲ್ಲಿ, ತಮ್ಮ ಜನರ ಎದುರು, ಪ್ರಶಸ್ತಿ. 2010ರಲ್ಲಿ ಮತ್ತೆ ಬುಡಾಪೆಸ್ಟ್, ಅದರ ಬೆನ್ನಿಗೇ ಪ್ರಾಗ್. ಅದೇ ಕೊನೆಯ ಪ್ರಶಸ್ತಿ. ಬೆನ್ನು ಮತ್ತೆ ತಕರಾರು ತೆಗೆಯಿತು, ತಿಂಗಳುಗಟ್ಟಲೆ ಅಂಗಳದಿಂದ ದೂರ ಉಳಿದರು.

2013ರ ಜನವರಿಯಲ್ಲಿ ಅಜರೆಂಕಾ ಎರಡನೇ ಸಲ ಆಸ್ಟ್ರೇಲಿಯನ್ ಓಪನ್ ಗೆದ್ದರು. ಫೆಬ್ರುವರಿಯಲ್ಲಿ ಅವರ ಹಳೆಯ ಜೊತೆಗಾರ್ತಿ ನಿವೃತ್ತಿ ಹೇಳಿದರು. ಆಗ ಸಾವೈಗೆ 24.